ಒಂದೇ ಸಾಲಿನ ಸ್ಟೋರಿ

ಸ್ವೀಟ್ ಡಬ್ಬಿ ವೀಕ್ಷಾಳ ಮೇಜಿಗೆ ಬರುವಷ್ಟರಲ್ಲಿ ಅದರಲ್ಲಿ ಉಳಿದಿದ್ದದ್ದು ಒಂದೇ ಒಂದು ಮೈಸೂರುಪಾಕು. ಡಬ್ಬಿ ಹಿಡಿದು ನಿಂತಿದ್ದ ಶಿವರಂಜನ್ ಅದನ್ನು ಕೊಡುವ ಅವಸರದಲ್ಲೇನೂ ಇರಲಿಲ್ಲ.

"ಲಗೂ ತಗೋರಿ. ಮೌನ ಇನ್ನೊಂದು ಸಲ ಈ ಕಡೆ ಬರಾಕತ್ತಾಳ."

"ಇಷ್ಟು ತುಪ್ಪ ಹಾಕಿರೋದನ್ನ ಲಘುವಾಗಿ ಹೇಗ್ರೀ ತಗೊಳ್ಳೋದು?"

"ಲಘು ಅಲ್ರೀ, ಲಗೂ. ಜಲ್ದಿ ಅಂತ."

"ಹಾಗಾದ್ರೆ ಸೀಕ್ರಂ ಅಂತ ಹೇಳಿ. ಮೆಡ್ರಾಸ್ ಕನ್ನಡದವಳಿಗೆ ಅರ್ಥ ಆಗುತ್ತೆ."

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಚೂರು ಮೊದಲೇ ಮುಚ್ಚಿಕೊಳ್ಳುತ್ತದೆ. ಎದುರುಬದುರು ಮೇಜಿನಲ್ಲಿ ಕುಳಿತು ಇದನ್ನೆಲ್ಲ ಯಾವಾಗ ಗಮನಿಸಿದೆನೋ ಎಂದು ವೀಕ್ಷಾಳಿಗೇ ನಾಚಿಕೆಯಾಯಿತು. ಮೈಸೂರುಪಾಕನ್ನು ಎತ್ತಿಕೊಳ್ಳುವಾಗ ಅವಳ ಬೆರಳು ಡಬ್ಬಿಗೆ ಮಾತ್ರ ತಾಗಿತು. ಆದರೂ ಇಬ್ಬರೂ ಒಟ್ಟಿಗೇ ಬೇರೆ ಕಡೆ ನೋಡಿದರು.

ಮೆಡ್ರಾಸಿನ ಅಂಬತ್ತೂರಿನ ಆ ಆಫೀಸಿನಲ್ಲಿ ಕನ್ನಡ ಮಾತಾಡುವವರು ಕೆಲವೇ ಮಂದಿ, ಅವರಲ್ಲೂ ಇವರಿಬ್ಬರ ಕನ್ನಡಕ್ಕೆ ದುಭಾಷಿ ಬೇಕಾಗುತ್ತಿತ್ತು. ವೀಕ್ಷಾಳ ಅಜ್ಜ ರೈಲ್ವೆ ನೌಕರಿಗೆಂದು ಪೆರಂಬೂರಿಗೆ ಬಂದವರು. ಅವಳ ಮನೆಯ ಮಾತಿನಲ್ಲಿ ಎರಡು ಕನ್ನಡದ ನಡುವೆ ಒಂದು ತಮಿಳು ಇರುತ್ತದೆ. ಶಿವರಂಜನನ ತಂದೆ ಗುರುಬಸಪ್ಪನವರಿಗೆ ಪ್ಯಾರೀಸ್ ಕಾರ್ನರ್‌ನಲ್ಲಿ ಸ್ಟೀಲ್ ಪಾತ್ರೆಗಳ ಹೋಲ್‌ಸೇಲ್ ಅಂಗಡಿ. ಅವರ ಮನೆಯಲ್ಲಿ ಇಂದಿಗೂ ಗದಗಿನ ಮಾತು.

ಆ ದಿನ ಸ್ವೀಟ್ ಹಂಚಿದ್ದಕ್ಕೆ ಕಾರಣವಿತ್ತು. ಕೀಲ್ಪಾಕ್‌ನ ಒಂದು ಖಾಸಗಿ ಆಸ್ಪತ್ರೆಗೆ ಅವರ ತಂಡ ಆ್ಯಪ್ ಮಾಡಿಕೊಡುತ್ತಿತ್ತು. ರೋಗಿಯ ಸುದ್ದಿ ಮನೆಯವರ ಫೋನಿಗೆ ತಾನಾಗಿಯೇ ಹೋಗುವ ಭಾಗ ಅಂದು ಬೆಳಿಗ್ಗೆ ಶುರುವಾಗಿತ್ತು. ಆಸ್ಪತ್ರೆಗೆ ಏನು ಬೇಕೆಂದು ಕೇಳಿ ಬರೆಯುವವಳು ವೀಕ್ಷಾ. ಬರೆದದ್ದಕ್ಕೆ ಕೋಡ್ ಬರೆದು ಕಟ್ಟುವವನು ಶಿವರಂಜನ್. ಪರೀಕ್ಷೆ ಮಾಡುವವಳು ಮೌನ. ಎಲ್ಲರಿಗೂ ಹಿರಿಯ ರಘುರಾಮ. ಯಾರಿಗೆ, ಏನು, ಯಾಕೆ ಬೇಕು ಎಂದು ವೀಕ್ಷಾ ಕಾರ್ಡಿನಲ್ಲಿ ಬರೆದಿಡುತ್ತಿದ್ದ ಒಂದೊಂದು ಬೇಡಿಕೆಗೂ ತಂಡದಲ್ಲಿ 'ಸ್ಟೋರಿ' ಎಂದು ಹೆಸರು.

ಮೈಸೂರುಪಾಕು ಇನ್ನೂ ಬಾಯಲ್ಲಿರುವಾಗಲೇ ಅವಳಿಗೆ ಫೋನ್ ಬಂತು. ಆಸ್ಪತ್ರೆಯ ಹೆಡ್ ನರ್ಸ್ ಸೀತಾ ಸಿಸ್ಟರ್, ಮಂಗಳೂರಿನ ಕಡೆಯವರು. ಅವರು ಕಿರುಚಲಿಲ್ಲ. ಕಿರುಚಿದ್ದರೆ ವೀಕ್ಷಾಳಿಗೆ ಅಷ್ಟು ಭಯವಾಗುತ್ತಿರಲಿಲ್ಲ.

"ಆ ಮೆಸೇಜ್ ಯಾರು ಬರೆದದ್ದು ಅಂತ ಮಾತ್ರ ಹೇಳು ಮಾರಾಯ್ತಿ."

"ಯಾವ ಮೆಸೇಜ್ ಸಿಸ್ಟರ್?"

"ಬೆಳಿಗ್ಗೆ ಇಲ್ಲಿ ಒಬ್ಬರು ತೀರಿಹೋದರು. ಸುವರ್ಣಮ್ಮ ಅಂತ. ಅವರ ಯಜಮಾನರು ಮುಂದಿನ ಏರ್ಪಾಡಿಗೆ ಮನೆಗೆ ಹೋಗಿದ್ದರು. ನಮ್ಮ ಹುಡುಗಿ ಕಂಪ್ಯೂಟರಲ್ಲಿ ಬೆಡ್ ಖಾಲಿ ಅಂತ ಒತ್ತಿದ್ದಷ್ಟೇ. ಅವರ ಫೋನಿಗೆ ಹೋಗಿದೆ ನೋಡು, 'ಅಭಿನಂದನೆಗಳು! ನಿಮ್ಮ ಪ್ರೀತಿಯ ಸುವರ್ಣಮ್ಮ ಗುಣಮುಖರಾಗಿ ಮನೆಗೆ ಹೊರಟಿದ್ದಾರೆ' ಅಂತ."

ವೀಕ್ಷಾ ಎದ್ದು ನಿಂತಳು. ಯಾಕೆ ಎದ್ದೆ ಎಂದು ಅವಳಿಗೆ ಗೊತ್ತಾಗಲಿಲ್ಲ.

"ಅವರು ಓಡಿ ಬಂದಿದ್ದಾರೆ," ಸಿಸ್ಟರ್ ಮೆಲ್ಲಗೆ ಹೇಳಿದರು. "ಕೈಯಲ್ಲಿ ಹೆಂಡತಿಯ ಚಪ್ಪಲಿ ಉಂಟು. ಮನೆಗೆ ನಡೆದು ಹೋಗಬೇಕಲ್ಲ, ಅದಕ್ಕೆ ತಂದದ್ದಂತೆ."

ಬಾಯೊಳಗಿನ ಸಿಹಿ ಅಲ್ಲಿಯೇ ನಿಂತುಬಿಟ್ಟಿತು. ಒಳಕ್ಕೂ ಹೋಗಲಿಲ್ಲ, ಹೊರಕ್ಕೂ ಬರಲಿಲ್ಲ.

*

ಸಂದೇಶಗಳನ್ನು ತಕ್ಷಣ ನಿಲ್ಲಿಸಿದರು. ರಘುರಾಮ ಎಲ್ಲರನ್ನೂ ಒಂದು ಕೋಣೆಗೆ ಕರೆದು, ಗೋಡೆಯ ಪರದೆಯ ಮೇಲೆ ಆ ಕಾರ್ಡನ್ನು ತೆರೆದರು. ಅದರಲ್ಲಿದ್ದದ್ದು ಒಂದೇ ಸಾಲು.

'ಬೆಡ್ ಖಾಲಿಯಾದಾಗ ಮನೆಯವರಿಗೆ ಶುಭ ಸಂದೇಶ ಹೋಗಬೇಕು.'

"ಇದನ್ನ ಓದಿ ಎಲ್ಲರೂ ಸರಿ ಅಂದಿದ್ವಿ," ಎಂದರು ರಘುರಾಮ. "ನಾನೂ ಅಂದಿದ್ದೆ. ಯಾರು ಏನು ಅರ್ಥ ಮಾಡ್ಕೊಂಡ್ರಿ, ಹೇಳಿ. ನಾನು, ಬಿಲ್ ಕಟ್ಟಿದ ಮೇಲೆ ಹೋಗುತ್ತೆ ಅಂದ್ಕೊಂಡಿದ್ದೆ."

"ನರ್ಸ್ ನೋಡಿ ಕಳಿಸ್ತಾರೆ ಅಂದ್ಕೊಂಡೆ," ಎಂದಳು ಮೌನ. ದಿನವಿಡೀ ಬಾಯಿ ಮುಚ್ಚದ ಹುಡುಗಿಯ ದನಿ ಈಗ ಕೇಳಿಸುವುದೇ ಕಷ್ಟವಾಗಿತ್ತು. "ನಾನು ಟೆಸ್ಟ್ ಮಾಡಿದ್ದು ಮನೆಗೆ ಹೋದ ಪೇಷಂಟ್‌ಗಳನ್ನ ಮಾತ್ರ. ಬೇರೆ ಥರ ಹೋಗೋದು ತಲೆಗೇ ಬರ್ಲಿಲ್ಲ."

ವೀಕ್ಷಾಳ ತಲೆಗೂ ಬಂದಿರಲಿಲ್ಲ. ಅದನ್ನು ಬರೆಯುವಾಗ ಅವಳ ಕಣ್ಣ ಮುಂದೆ ಇದ್ದದ್ದು ಅಕ್ಕನ ಹೆರಿಗೆ. ಹಳದಿ ಟವೆಲ್ಲಿನಲ್ಲಿ ಸುತ್ತಿದ ಮಗು, ಕಾರಿನ ಬಾಗಿಲು ತೆರೆದು ಹಿಡಿದ ಭಾವ. ಆಸ್ಪತ್ರೆಯ ಹಾಸಿಗೆ ಖಾಲಿಯಾಗುವುದೆಂದರೆ ಅವಳಿಗೆ ಅದೇ ಆಗಿತ್ತು. ಅಂದು ನಾಲ್ಕು ತಲೆಗಳು ಒಟ್ಟಿಗೆ ಆಡಿದ್ದವು. ಒಳಗಿನ ಚಿತ್ರ ಮಾತ್ರ ಒಬ್ಬೊಬ್ಬರದು ಒಂದೊಂದು.

ಅವಳು ಶಿವರಂಜನನ ಕಡೆ ನೋಡಿದಳು. ಅವನಾದರೂ ತನ್ನ ಜೊತೆ ಇರುತ್ತಾನೆ ಎಂಬಂತೆ.

ಅವನ ಮುಖ ಬಿಳಿಚಿಕೊಂಡಿತ್ತು. ಕಣ್ಣು ಪರದೆಯ ಮೇಲಿಂದ ಕದಲಲಿಲ್ಲ. "ಬರೆದಿದ್ದನ್ನ ಮಾಡೀನ್ರಿ," ಎಂದ. "ಬೆಡ್ ಖಾಲಿ ಅಂದ್ರ ಬೆಡ್ ಖಾಲಿ. ಹೆಚ್ಚೂ ಮಾಡಿಲ್ಲ, ಕಡಿಮೀನೂ ಮಾಡಿಲ್ಲ."

ಕೆನ್ನೆಗೆ ಹೊಡೆದಂತಾಯಿತು. "ಒಂದು ಮಾತು ನನ್ನ ಕೇಳಬೇಕು ಅಂತ ಅನ್ನಿಸ್ಲಿಲ್ವಾ ರಂಜನ್?"

"ಕೇಳಬಾರದು ಅಂತ ನೀವ ಹೇಳಿದ್ರಲ್ರಿ."

"ನಾನಾ? ಯಾವಾಗ?"

"ಮೊದಲನೇ ತಿಂಗಳ. ಔಷಧದ ಸ್ಟೋರಿಯಾಗ ಏನೋ ಕೇಳಿದ್ದೆ. 'ಇಷ್ಟೂ ಬಿಡಿಸಿ ಹೇಳ್ಬೇಕಾ, ಅರ್ಥ ಆಗಲ್ವಾ' ಅಂದ್ರಿ. ಎಲ್ಲಾರೂ ನಕ್ಕರು. ಆಮ್ಯಾಲ ನಾ ಕೇಳೂದು ಬಿಟ್ಟೆ."

ಅವಳಿಗೆ ಅದು ನೆನಪೇ ಇರಲಿಲ್ಲ. ಅವಳಿಗದು ಆಡಿ ಮರೆತ ಮಾತು, ಅವನು ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದ ಮಾತು. ಬೆಳಿಗ್ಗೆಯ ಆಘಾತದ ಮೇಲೆ ಇದು ಇನ್ನೊಂದು. ವೀಕ್ಷಾ ಬ್ಯಾಗ್ ಎತ್ತಿಕೊಂಡು, ಯಾರಿಗೂ ಏನೂ ಹೇಳದೆ ಹೊರಗೆ ನಡೆದಳು. ಫ್ಯಾಕ್ಟರಿಗಳ ಸಾಲಿನ ರಸ್ತೆಯಲ್ಲಿ ಸಿಕ್ಕಿದ ಮೊದಲ ಆಟೋಗೆ ಕೈ ತೋರಿಸಿ, "ಕೀಲ್ಪಾಕ್" ಎಂದಳು.

*

ದಾರಿಯುದ್ದಕ್ಕೂ ಟ್ರಾಫಿಕ್. ಏನು ಹೇಳಬೇಕೆಂದು ಅವಳು ಮಾತು ಜೋಡಿಸಿಕೊಂಡಳು, ಎಲ್ಲವನ್ನೂ ಅಳಿಸಿದಳು. ಆಸ್ಪತ್ರೆಯ ಮೆಟ್ಟಿಲು ಹತ್ತಿದಳು. ಸೀತಾ ಸಿಸ್ಟರ್ ಅವಳನ್ನು ನೋಡಿ ಬೈಯಲಿಲ್ಲ. ಸುವರ್ಣಮ್ಮನ ಯಜಮಾನರ ಬಗ್ಗೆ ಎರಡು ಮಾತು ಹೇಳಿ, ಕಾರಿಡಾರಿನ ಕೊನೆಯತ್ತ ಕೈ ತೋರಿಸಿದರು.

ಅಲ್ಲಿ ಬೆಂಚಿನ ಮೇಲೆ ಇಸ್ತ್ರಿ ಮಾಡಿದ ಬಿಳಿ ಷರ್ಟಿನ ವೃದ್ಧರೊಬ್ಬರು ಕುಳಿತಿದ್ದರು. ತೊಡೆಯ ಮೇಲೆ ಒಂದು ಜೊತೆ ಹೆಂಗಸರ ಚಪ್ಪಲಿ. ಅವರ ಪಾದದ ಬಳಿ, ನೆಲದ ಮೇಲೆ, ಹೆಲ್ಮೆಟ್ ಪಕ್ಕದಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕುಳಿತಿದ್ದವನು ಶಿವರಂಜನ್.

ವೀಕ್ಷಾ ನಿಂತಲ್ಲೇ ನಿಂತಳು. ತಾನು ಹೊರಟಾಗ ಇವನು ಕೋಣೆಯಲ್ಲಿ ಕಲ್ಲಿನಂತೆ ಕುಳಿತಿದ್ದನಲ್ಲ! ಬೈಕಿನಲ್ಲಿ ಯಾವ ಸಂದಿಯಲ್ಲಿ ನುಗ್ಗಿ ಬಂದನೋ.

"ತಪ್ಪು ನಂದ್ರಿ ಅಜ್ಜಾರ," ಅವನು ಹೇಳುತ್ತಿದ್ದ. "ಅದನ್ನ ಮಾಡಿದವ ನಾನು."

ಅವಳು ಹತ್ತಿರ ಹೋದಳು. ವೃದ್ಧರು ತಲೆಯೆತ್ತಿ ನೋಡಿದರು. ಅವರು ಭೋಜರಾಜ, ಇನ್ಷೂರೆನ್ಸ್ ಆಫೀಸಿನಲ್ಲಿದ್ದು ನಿವೃತ್ತರಾದವರು ಎಂದು ಸಿಸ್ಟರ್ ಹೇಳಿದ್ದರು.

"ನೀನು ಯಾರಮ್ಮಾ?"

"ಆ ಮೆಸೇಜ್ ಬರೆದದ್ದು ನಾನು ಸರ್."

ಅವರು ಇಬ್ಬರನ್ನೂ ಬದಲಿಸಿ ಬದಲಿಸಿ ನೋಡಿದರು. "ಈ ಹುಡುಗನೂ ಅದೇ ಹೇಳ್ತಿದಾನೆ. ಒಂದು ಮೆಸೇಜನ್ನ ಎಷ್ಟು ಜನ ಬರೀತೀರಿ?"

ಶಿವರಂಜನ್ ಅವಳನ್ನು ನೋಡಿದ. ಆ ನೋಟದಲ್ಲಿ ದೂರು ಇರಲಿಲ್ಲ. ಹೆದರಿದವನೊಬ್ಬ ಹೆದರಿದ ಇನ್ನೊಬ್ಬರನ್ನು ಗುರುತು ಹಿಡಿದ ಹಾಗಿತ್ತು. ಅವಳೂ ನೆಲದ ಮೇಲೆ ಕುಳಿತಳು.

"ಪುರಸವಾಕ್ಕಂನಿಂದ ಆಟೋದಲ್ಲಿ ಬಂದೆ," ಎಂದರು ಭೋಜರಾಜ. ಇವರಿಬ್ಬರಿಗೆ ಹೇಳಿದಂತಿರಲಿಲ್ಲ, ಗೋಡೆಗೆ ಹೇಳಿದಂತಿತ್ತು. "ಬೇಗ ಓಡಿಸಪ್ಪಾ, ನನ್ನ ಹೆಂಡ್ತಿ ಕಾಯ್ತಿದಾಳೆ ಅಂದೆ. ಪಾವಂ, ಪಾಪದ ಮನುಷ್ಯ, ಅವನೂ ಓಡಿಸ್ದ. ಬೆಳಿಗ್ಗೆ ಡಾಕ್ಟ್ರು ತಪ್ಪು ಹೇಳಿರ್ಬೇಕು, ಇಲ್ಲ ನಾನೇ ತಪ್ಪು ಕೇಳಿಸ್ಕೊಂಡಿರ್ಬೇಕು ಅಂದ್ಕೊಂಡೆ. ಆ ದಾರೀಲಿ ಅವಳು ಬದುಕಿದ್ಲಮ್ಮಾ. ಅವಳ ಹತ್ರ ಏನು ಹೇಳ್ಬೇಕು ಅಂತ ಮಾತು ಜೋಡಿಸ್ಕೊಂಡು ಬಂದೆ. ಮದುವೆಯಾದಾಗಿನಿಂದ ಒಂದ್ಸಲಾನೂ ಬಾಯಿಬಿಟ್ಟು ಹೇಳಿರ್ಲಿಲ್ಲ. ಅವಳಿಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ." ತೊಡೆಯ ಮೇಲಿನ ಚಪ್ಪಲಿಗಳನ್ನು ಸರಿಯಾಗಿ ಜೋಡಿಸಿದರು. "ಗೊತ್ತಿತ್ತೋ ಇಲ್ಲವೋ. ಈಗ ಯಾರನ್ನ ಕೇಳ್ಲಿ?"

ವೀಕ್ಷಾ ಕೈ ಜೋಡಿಸಿದಳು.

"ಕ್ಷಮಿಸ್ದೆ ಅಂತ ಹೇಳೋಕೆ ಈವತ್ತು ನನ್ನ ಕೈಲಾಗಲ್ಲ," ಎಂದರು ಅವರು. "ಬೇರೆಯವರಿಗೆ ಹೀಗಾಗದ ಹಾಗೆ ನೋಡ್ಕೊಳ್ಳಿ. ಈ ಚಪ್ಪಲಿ ಸ್ವಲ್ಪ ಹಿಡ್ಕೊಳಮ್ಮಾ."

ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅವರ ಮಗಳು ಭವಾನಿ ಏರ್‌ಪೋರ್ಟಿನಿಂದ ಓಡಿಬಂದು ತಂದೆಯನ್ನು ತಬ್ಬಿಕೊಳ್ಳುವವರೆಗೂ ಅವು ಅವಳ ಎದೆಗವಚಿಕೊಂಡೇ ಇದ್ದವು.

*

ಹೊರಗೆ ಪಾರ್ಕಿಂಗಿನಲ್ಲಿ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಬೈಕುಗಳ ನಡುವೆ ನಿಂತು ವೀಕ್ಷಾ ಅತ್ತಳು. ಶಿವರಂಜನ್ ಅವಳನ್ನು ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ತನ್ನ ನೆರಳು ಅವಳ ಮುಖದ ಮೇಲೆ ಬೀಳುವಂತೆ ನಿಂತ. ಅವಳು ಕಣ್ಣೊರೆಸಿಕೊಂಡು ಆಚೀಚೆ ಸರಿದಾಗಲೆಲ್ಲ ಅವನೂ ಸರಿದ.

"ಬರ್ತೀನಿ ಅಂತ ಯಾಕೆ ಹೇಳ್ಲಿಲ್ಲ?" ಎಂದಳು.

"ನೀವೂ ಹೇಳಲಿಲ್ಲಲ್ರಿ."

ಅದೂ ನಿಜವೇ.

"ರೂಮಿನಾಗ ಹಂಗ ಅಂದೆನಲ್ಲ," ಅವನು ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿದ. "ಅಂಜಿಕಿಗೆ ಅಂದೆ. ಕೋಡ್ ಬರಿಯುವಾಗ ಒಂದು ಕ್ಷಣ ನನಗ ಅನಿಸಿತ್ರಿ. ಸತ್ತರೂ ಬೆಡ್ ಖಾಲಿ ಆಗ್ತೈತಲ್ಲ ಅಂತ. ಕೇಳ್ಲ್ಯಾ ಅನಿಸ್ತು. ನಿಮಗ ಗೊತ್ತಿರ್ತೈತಿ ಅಂತ ಬಿಟ್ಟೆ."

ವೀಕ್ಷಾ ಬೆಚ್ಚಿ ಅವನನ್ನು ನೋಡಿದಳು. ಆ ಒಂದು ಕ್ಷಣದಲ್ಲಿ ಅವನು ಬಾಯಿ ತೆರೆದಿದ್ದರೆ. ಅವನ ಬಾಯಿ ತಾನು ಮುಚ್ಚಿಸಿರದಿದ್ದರೆ.

"ಇನ್ಮೇಲೆ ಕೇಳಿ," ಎಂದಳು. "ನಾನು ಎಷ್ಟು ಮೂತಿ ತಿರುಗಿಸಿದ್ರೂ ಕೇಳಿ."

"ಭಾಳ ತಿರುಗಸ್ತೀರಿ."

"ಗೊತ್ತು."

*

ಮುಂದಿನ ದಿನಗಳಲ್ಲಿ ಅವರಿಬ್ಬರೂ ಅಂಬತ್ತೂರಿಗಿಂತ ಹೆಚ್ಚಾಗಿ ಕೀಲ್ಪಾಕ್‌ನಲ್ಲೇ ಇದ್ದರು. ವಾರ್ಡಿನ ಮೂಲೆಯ ಸ್ಟೂಲುಗಳಲ್ಲಿ ಕುಳಿತು ನರ್ಸುಗಳು ಏನು ಮಾಡುತ್ತಾರೆಂದು ನೋಡಿದರು. ಕೆಲವೊಮ್ಮೆ ರಘುರಾಮ ಮತ್ತು ಮೌನ ಕೂಡ ಬರುತ್ತಿದ್ದರು.

"ಬೆಡ್ ಖಾಲಿ ಆಗುವುದು ಎಷ್ಟು ಥರ ಉಂಟು ಗೊತ್ತಾ ನಿಮಗೆ?" ಎಂದು ಸೀತಾ ಸಿಸ್ಟರ್ ಒಂದು ಮಧ್ಯಾಹ್ನ ಎಲ್ಲರನ್ನೂ ಕೂರಿಸಿಕೊಂಡು ಶುರುಮಾಡಿದರು. ಗುಣವಾಗಿ ಮನೆಗೆ ಹೋಗುವವರು ಇದ್ದಾರೆ. ಗುಣವಾಗದೆ ಹಟ ಹಿಡಿದು ಹೋಗುವವರಿದ್ದಾರೆ. ಐಸಿಯುಗೆ ಹೋದರೂ ಈ ಬೆಡ್ ಖಾಲಿ. ಬೇರೆ ಆಸ್ಪತ್ರೆಗೆ ಕಳಿಸಿದರೂ ಖಾಲಿ. ಕಿಟಕಿ ಪಕ್ಕದ ಹಾಸಿಗೆ ಬೇಕೆಂದು ಜಗಳ ಮಾಡಿ ಬದಲಿಸಿಕೊಂಡರೂ ಖಾಲಿ.

ಈ ಸಲ ವೀಕ್ಷಾ ಒಂದು ಸಾಲಿಗೆ ನಿಲ್ಲಿಸಲಿಲ್ಲ. ಪ್ರತಿಯೊಂದಕ್ಕೂ ಒಬ್ಬ ಮನುಷ್ಯನನ್ನು ಇಟ್ಟುಕೊಂಡು ಬರೆದಳು. ಕಾಲು ಮುರಿದು ಬಂದು ನಡೆದು ಹೋದ ಹರಿದಾಸ ಎಂಬಾತ. ಅವನ ಹೆಂಡತಿಯ ಫೋನ್ ಏನು ಹೇಳಬೇಕು? ಅದೇ ಹರಿದಾಸನಿಗೆ ಏಕಾಏಕಿ ಎದೆನೋವು ಬಂದು ಐಸಿಯುಗೆ ಒಯ್ದರೆ ಏನು ಹೇಳಬೇಕು, ಯಾರು ಹೇಳಬೇಕು? ಬರೆದದ್ದನ್ನು ಗಟ್ಟಿಯಾಗಿ ಓದುವಳು. ಅರ್ಥವಾದದ್ದನ್ನು ಒಬ್ಬೊಬ್ಬರೂ ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಎಲ್ಲರ ಚಿತ್ರವೂ ಒಂದೇ ಆಗುವವರೆಗೆ ಆ ಕಾರ್ಡನ್ನು ಯಾರೂ ಮುಟ್ಟುವಂತಿಲ್ಲ.

"ಆ ಹರಿದಾಸ ತೀರಿಕೊಂಡ್ರೆ?" ಎಂದು ಕೊನೆಗೆ ಅವಳೇ ಕೇಳಿದಳು. "ಮನೆಯವರ ಫೋನ್ ಏನು ಹೇಳಬೇಕು?"

ಪಕ್ಕದಲ್ಲಿ ಯಾರೋ ಗ್ಲೂಕೋಸ್ ಸ್ಟ್ಯಾಂಡೊಂದನ್ನು ತಳ್ಳಿಕೊಂಡು ಹೋದರು.

"ಏನೂ ಹೇಳ್ಬಾರದು," ಎಂದಳು ಮೌನ.

"ಏನೂ ಹೇಳಬಾರದು ಅನ್ನೂದನ್ನೂ ಬರೀಬೇಕ್ರಿ," ಎಂದ ಶಿವರಂಜನ್. "ಬರೀಲಿಲ್ಲಂದ್ರ ನನ್ನಂಥಾವ ಇನ್ನೊಬ್ಬ ಬಂದು ಏನಾರ ಹೇಳಿಸ್ತಾನ."

ವೀಕ್ಷಾ ಬರೆದಳು. ಫೋನ್ ಸುಮ್ಮನಿರಬೇಕು. ಡಾಕ್ಟರ್ ಅಥವಾ ಹೆಡ್ ನರ್ಸ್ ಎದುರು ಕುಳಿತು ಹೇಳಬೇಕು. ಸಿಸ್ಟರ್ ಅದನ್ನು ಓದಿ, ಅವಳ ತಲೆಯ ಮೇಲೆ ಕೈಯಿಟ್ಟು ಎದ್ದು ಹೋದರು.

ಕ್ಯಾಂಟೀನಿನಲ್ಲಿ ಎದುರುಬದುರು ಕುಳಿತಾಗ ಶಿವರಂಜನ್ ಈಗ ಕಟ್ಟೆಯೊಡೆದವನಂತೆ ಪ್ರಶ್ನೆ ಕೇಳುತ್ತಿದ್ದ.

"ಇದನ್ನ ಯಾಕ ಸಾಂಬಾರಿನಾಗ ಮುಳುಗಿಸಿ ತಿಂತೀರಿ? ವಡಾಕ್ಕ ಉಸಿರು ಕಟ್ಟೂದಿಲ್ಲೇನ್ರಿ?"

"ನಮ್ಮೂರಲ್ಲಿ ಹಾಗೇ ತಿನ್ನೋದು."

"ಸಿಟ್ಟು ಬಂದಾಗ ನಿಮ್ಮ ಮೂಗಿನ ತುದಿ ಯಾಕ ಕೆಂಪಗಾಗ್ತೈತಿ?"

"ಆಗಲ್ಲ."

"ಈಗ ಆಗಾಕತ್ತೈತಿ."

ಅವಳು ಮೂಗಿಗೆ ಕೈ ಅಡ್ಡ ಹಿಡಿದಳು. ಅವನು ತಟ್ಟೆಯನ್ನು ನೋಡುವಂತೆ ನಟಿಸಿ, ರೆಪ್ಪೆಯ ಕೆಳಗಿಂದ ಅವಳನ್ನೇ ನೋಡಿದ. ಅವಳೂ ಬೆರಳ ಸಂದಿಯಿಂದ ನೋಡಿದಳು. ಎಷ್ಟೆಲ್ಲ ಕೇಳುವ ಈ ಮನುಷ್ಯ ಒಂದೇ ಒಂದು ಪ್ರಶ್ನೆಯ ಹತ್ತಿರ ಬಂದು ಬಂದು ಯಾಕೆ ವಾಪಸಾಗುತ್ತಾನೆ? ಪ್ರತಿ ಸಂಜೆ ಬಸ್ ಸ್ಟಾಪಿನಲ್ಲಿ ಅವಳು ಕಾದಳು. ಪ್ರತಿ ಸಂಜೆ ಅವನು, "ಹುಷಾರಾಗಿ ಹೋಗ್ರಿ," ಎಂದ. ಅವನಿಗೆ ಗೊತ್ತಿರುತ್ತದೆ ಬಿಡು ಎಂದುಕೊಂಡು ಅವಳು ಬಸ್ ಹತ್ತಿದಳು.

*

ಹೊಸ ಸಂದೇಶಗಳು ಸರಿಯಾಗಿ ಹೋಗತೊಡಗಿ ಕೆಲವು ದಿನಗಳಾಗಿದ್ದವು. ಒಂದು ಬೆಳಿಗ್ಗೆ ವೀಕ್ಷಾ ಆಫೀಸಿಗೆ ಬಂದಾಗ ಎದುರಿನ ಮೇಜು ಬರಿದಾಗಿತ್ತು. ಲ್ಯಾಪ್‌ಟಾಪ್ ಇರಲಿಲ್ಲ. ಕುರ್ಚಿಯ ಬೆನ್ನಿಗೆ ಸದಾ ತೂಗುವ ಜಾಕೆಟ್ ಇರಲಿಲ್ಲ.

"ರಂಜನ್ ರಜೇಲಿದಾರಾ ಸರ್?"

ರಘುರಾಮ ಕನ್ನಡಕ ತೆಗೆದು ಅವಳನ್ನು ನೋಡಿದರು. "ನಿನಗೆ ಗೊತ್ತಿಲ್ವಾ?"

"ಏನು?"

"ಆಸ್ಪತ್ರೆ ಮ್ಯಾನೇಜ್‌ಮೆಂಟು ಒಂದು ಹೆಸರು ಕೇಳಿತ್ತು. ತಪ್ಪು ಯಾರದು ಅಂತ. ನಿನ್ನ ಹೆಸರು ಹೋಗೋದ್ರಲ್ಲಿತ್ತು. ರಂಜನ್ ಬಂದು, ಸ್ಟೋರಿ ಸರಿಯಾಗೇ ಇತ್ತು, ನಾನೇ ಅಡ್ಡಾದಿಡ್ಡಿ ಮಾಡ್ದೆ ಅಂತ ಬರ್ಕೊಟ್ಟ. ಪ್ರಾಜೆಕ್ಟಿಂದ ತೆಗೆದ್ರು. ನಿನ್ನೆ ಸಾಯಂಕಾಲ ರಾಜೀನಾಮೆ ಕಳಿಸಿದಾನೆ." ಅವರ ದನಿ ಇಳಿಯಿತು. "ನಿನ್ನನ್ನ ಕೇಳಿಯೇ ಮಾಡಿದ ಅಂದ್ಕೊಂಡಿದ್ದೆ ಕಣಮ್ಮಾ."

ವೀಕ್ಷಾಳ ಕಿವಿ ಗುಂಯ್ ಎಂದಿತು. ಮೊದಲು ಏನೂ ಅನ್ನಿಸಲಿಲ್ಲ. ಆಮೇಲೆ ಒಮ್ಮೆಲೇ ಅಳುವೂ ಸಿಟ್ಟೂ ನುಗ್ಗಿ ಬಂದವು. ಯಾವುದು ಯಾವುದೆಂದು ಬಿಡಿಸಲಾಗಲಿಲ್ಲ. ನಿನ್ನೆ ಸಂಜೆಯೂ ಅವನು ಬಸ್ ಸ್ಟಾಪಿಗೆ ಬಂದಿದ್ದ. ಹುಷಾರಾಗಿ ಹೋಗ್ರಿ ಎಂದಿದ್ದ!

"ಮೇಲಿನವರ ಹತ್ರ ಕರ್ಕೊಂಡು ಹೋಗಿ ಸರ್," ಎಂದಳು. "ಈಗಲೇ."

ಮೇಲಿನವರ ಗಾಜಿನ ಕೋಣೆಯಲ್ಲಿ ಕೂರದೆಯೇ ಅವಳು ಎಲ್ಲವನ್ನೂ ಹೇಳಿದಳು. ಸ್ಟೋರಿ ಸರಿಯಾಗಿರಲಿಲ್ಲ, ಬರೆದದ್ದು ತಾನು, ಓದಿದ್ದು ನಾಲ್ಕು ಜನ, ಕೇಳದಂತೆ ಮಾಡಿದ್ದೂ ತಾನೇ. ರಘುರಾಮ, "ತಲೆಯಾಡಿಸಿದವರಲ್ಲಿ ನಾನೂ ಒಬ್ಬ," ಎಂದರು. ಮೇಲಿನವರು ಬಹಳ ಹೊತ್ತು ಪೆನ್ನು ತಿರುಗಿಸಿ, ಇಡೀ ತಂಡಕ್ಕೆ ಎಚ್ಚರಿಕೆ ಕೊಡುವುದಾಗಿಯೂ, ಹುಡುಗ ವಾಪಸ್ ಬಂದರೆ ರಾಜೀನಾಮೆಯನ್ನು ಪಕ್ಕಕ್ಕಿಡುವುದಾಗಿಯೂ ಹೇಳಿದರು.

ಹುಡುಗನ ಫೋನ್ ಸ್ವಿಚ್ ಆಫ್ ಆಗಿತ್ತು.

*

ಪ್ಯಾರೀಸ್ ಕಾರ್ನರ್‌ನ ಗಲ್ಲಿಗಳಲ್ಲಿ ಕೈಗಾಡಿ, ಟೆಂಪೋ, ತಲೆಹೊರೆಗಳ ನಡುವೆ ಮೂರು ಕಡೆ ವಿಚಾರಿಸಿ ವೀಕ್ಷಾ ಆ ಅಂಗಡಿಯನ್ನು ಕಂಡುಹಿಡಿದಳು. ನೆಲದಿಂದ ಸೂರಿನವರೆಗೆ ಸ್ಟೀಲ್. ಗಲ್ಲಾಪೆಟ್ಟಿಗೆಯ ಹಿಂದೆ ವಿಭೂತಿ ಹಚ್ಚಿದ ದಪ್ಪ ಮೀಸೆಯ ಹಿರಿಯರು.

"ವಾಂಗಮ್ಮಾ, ಎನ್ನ ವೇಣುಂ?"

"ಶಿವರಂಜನ್ ಬೇಕು," ಎಂದಳು ವೀಕ್ಷಾ.

ಗುರುಬಸಪ್ಪನವರು ಅವಳನ್ನು ನೋಡಿದರು. ತಮಿಳು ಕನ್ನಡಕ್ಕೆ ಹೊರಳಿತು. "ಅದು ಹೋಲ್‌ಸೇಲ್ ಸಿಗೂದಿಲ್ಲವಾ. ಒಂದ ಪೀಸ್ ಐತಿ." ಅಟ್ಟದ ಕಡೆ ತಿರುಗಿ ಕೂಗಿದರು. "ಏ ಶಿವೂ! ಇಳಿ ಕೆಳಗ."

ಏಣಿಯ ಮೇಲೆ ಮೊದಲು ಕಾಲು, ಆಮೇಲೆ ಡಬ್ಬಿಗಳ ಗೋಪುರ, ಅದರ ಹಿಂದಿನಿಂದ ಶಿವರಂಜನನ ಮುಖ. ಅವಳನ್ನು ಕಂಡು ಅವನು ಏಣಿಯ ನಡುಮಧ್ಯದಲ್ಲೇ ನಿಂತುಬಿಟ್ಟ.

"ನೀವು ಇಲ್ಲಿ..."

"ನನ್ನ ತಪ್ಪನ್ನ ನೀವ್ಯಾಕೆ ಹೊತ್ಕೊಂಡ್ರಿ?"

"ವೀಕ್ಷಾ, ಅಪ್ಪಾರ ಅದಾರ."

"ಇರಲಿ. ಯಾರು ಹೇಳಿದ್ರು ನಿಮಗೆ?"

"ನಿಮ್ಮ ಹೆಸರು ಹಾಳಾಗ್ತಿತ್ರಿ. ನಿಮಗ ಈ ಕೆಲಸ ಭಾಳ ಮುಖ್ಯ ಅಂತ ನನಗ ಗೊತ್ತಿತ್ತು."

"ಗೊತ್ತಿತ್ತು!" ಅವಳ ದನಿ ಪಾತ್ರೆಗಳಿಗೆಲ್ಲ ತಾಗಿ ಮರಳಿತು. "ಕೇಳಿದ್ರಾ? ಮತ್ತೆ ಅದೇ ಮಾಡಿದ್ರಿ. ಕೇಳಲಿಲ್ಲ. ನೀವೇ ಒಂದು ಅರ್ಥ ಮಾಡ್ಕೊಂಡು, ನೀವೇ ಹೊರಟುಹೋದ್ರಿ. ಬೆಳಿಗ್ಗೆ ಆ ಖಾಲಿ ಮೇಜು ನೋಡಿ ನನಗೆ ಏನಾಯ್ತು ಅಂತ ಯೋಚನೆ ಮಾಡಿದ್ರಾ?"

ಶಿವರಂಜನ್ ಡಬ್ಬಿಗಳನ್ನು ಅಪ್ಪಿಕೊಂಡೇ ಒಂದು ಮೆಟ್ಟಿಲು ಇಳಿದ. "ಏನಾತ್ರಿ?"

ಅದು ಚಿಕ್ಕ ಪ್ರಶ್ನೆ. ಅವನು ಅದನ್ನು ಎಷ್ಟು ಹೆದರಿ ಕೇಳಿದನೆಂದು ಅವಳಿಗೆ ಕಂಡಿತು.

ವೀಕ್ಷಾ ಉಸಿರೆಳೆದುಕೊಂಡಳು. ಅಂಗಡಿಯ ಮುಂದೆ ಇಬ್ಬರು ಗಿರಾಕಿಗಳು ನಿಂತಿದ್ದರು. ಗಲ್ಲಾಪೆಟ್ಟಿಗೆಯಲ್ಲಿ ಅವನ ತಂದೆ ಕುಳಿತಿದ್ದರು. ಹಿಂದಕ್ಕೆ ಹೋಗಲು ಇನ್ನೂ ಅವಕಾಶವಿತ್ತು. ಅವಳು ಹೋಗಲಿಲ್ಲ.

"ನೀವಿಲ್ಲದ ಆಫೀಸಿಗೆ ನನಗೆ ಹೋಗೋಕೆ ಇಷ್ಟ ಇಲ್ಲ. ಆಫೀಸಿಗೆ ಮಾತ್ರ ಅಲ್ಲ. ನಾನು ಹೇಳ್ತಿರೋದು ಕೆಲಸದ ವಿಷಯಾನೂ ಅಲ್ಲ. ದಿನಾ ಬಸ್ ಸ್ಟಾಪಲ್ಲಿ ಕಾಯ್ತಿದ್ದದ್ದು ಬಸ್ಸಿಗಲ್ಲ. ನಿಮ್ಮ ಮೇಲೆ ನನಗೆ ಪ್ರೀತಿ ಇದೆ. ಫ್ರೆಂಡ್ ಥರ ಅಲ್ಲ, ಜೊತೇಲಿ ಕೆಲಸ ಮಾಡೋರ ಥರ ಅಲ್ಲ. ಭೋಜರಾಜ್ ಸರ್ ಹಾಗೆ ಆಟೋದಲ್ಲಿ ಕೂತು ಮಾತು ಜೋಡಿಸ್ಕೊಳ್ಳೋಕೆ ನನಗೆ ಭಯ ಆಗುತ್ತೆ ರಂಜನ್. ಅದಕ್ಕೇ ಈಗ ಹೇಳ್ತಿದೀನಿ. ಅರ್ಥ ಆಯ್ತಾ? ಏನು ಅರ್ಥ ಆಯ್ತು, ನಿಮ್ಮ ಮಾತಲ್ಲಿ ಹೇಳಿ."

ಗಲ್ಲಿಯ ಗದ್ದಲವೆಲ್ಲ ಎಲ್ಲೋ ದೂರದಲ್ಲಿತ್ತು. ಶಿವರಂಜನನ ಬಾಯಿ ತೆರೆದಿತ್ತು. ಗುರುಬಸ‌ಪ್ಪನವರು ಎದ್ದು ನಿಂತವರು ಎದ್ದದ್ದನ್ನು ಮರೆತು ಹಾಗೇ ನಿಂತಿದ್ದರು. ಗಿರಾಕಿಗಳಲ್ಲೊಬ್ಬ ಕೈಯಲ್ಲಿದ್ದ ಸೌಟನ್ನು ಸದ್ದಾಗದಂತೆ ಕೆಳಗಿಟ್ಟ.

"ಏ ಮಗನ," ಕೊನೆಗೆ ಗುರುಬಸಪ್ಪನವರೇ ಎಚ್ಚೆತ್ತರು. "ಆಕಿ ಇಷ್ಟು ಬಿಡಿಸಿ ಹೇಳಾಕತ್ತಾಳ. ನೀ ಏಣಿ ಮ್ಯಾಲ ಏನ್ ಮಾಡಾಕತ್ತಿ?"

ಅವನು ಇಳಿದ. ಡಬ್ಬಿಗಳನ್ನು ನೆಲಕ್ಕಿಟ್ಟ. ಅವಳ ಎದುರು ಬಂದು ನಿಂತಾಗ ಅವನ ಕಣ್ಣು ತುಂಬಿತ್ತು.

"ನನಗ ತಿಳಿದಿದ್ದು ಇಷ್ಟ್ರಿ," ಎಂದ. "ನಾ ದಿನಾ ಹುಷಾರಾಗಿ ಹೋಗ್ರಿ ಅಂದಾಗ ಹೋಗಬ್ಯಾಡ್ರಿ ಅಂತಿದ್ದೆ. ಅದು ನಿಮಗ ಕೇಳಿಸಿರಲಿಲ್ಲ. ನೀವೂ ಅದಕ್ಕ ಕಾಯಾಕತ್ತಿದ್ರಿ, ಅದು ನನಗ ಕೇಳಿಸಿರಲಿಲ್ಲ." ಕೈಯ ಧೂಳನ್ನು ಪ್ಯಾಂಟಿಗೆ ಒರೆಸಿಕೊಂಡ. "ಕೇಳ್ಲ್ಯಾ?"

"ಕೇಳಿ. ಅರ್ಧಕ್ಕೆ ನಿಲ್ಲಿಸ್ಬೇಡಿ."

"ನನ್ನ ಮದುವಿ ಆಗ್ತೀರೇನು?"

ಇಷ್ಟೆಲ್ಲ ಹೇಳಿದವಳಿಗೆ ಈ ಪ್ರಶ್ನೆ ಬರುತ್ತದೆಂದು ಗೊತ್ತಿರಬೇಕಿತ್ತು. ಆದರೂ ಅವಳು ಪಕ್ಕದ ಏಣಿಯನ್ನು ಹಿಡಿದುಕೊಂಡಳು. "ಆಗ್ತೀನಿ," ಎಂದಳು. ಆ ದನಿ ತನ್ನದೇ ಎಂದು ನಂಬಲು ಅವಳಿಗೆ ಇನ್ನೊಂದು ಸಲ ಹೇಳಬೇಕಾಯಿತು. "ಆಗ್ತೀನಿ ರಂಜನ್."

ಗುರುಬಸಪ್ಪನವರು ಬೋರಲು ಹಾಕಿದ್ದ ಹಂಡೆಯೊಂದರ ಮೇಲೆ ಕುಳಿತುಬಿಟ್ಟರು. ಮೀಸೆ ಒರೆಸಿಕೊಂಡರು. "ಅಲ್ಲವಾ, ನಿಮ್ಮ ಮನ್ಯಾಗ ಏನಂತಾರ?"

"ಗೊತ್ತಿಲ್ಲ ಸರ್. ಇನ್ನೂ ಹೇಳಿಲ್ಲ. ಇಲ್ಲಿಗೆ ಬರೋವರೆಗೂ ನನಗೇ ನಾನು ಹೇಳ್ಕೊಂಡಿರ್ಲಿಲ್ಲ."

"ಸರ್ ಅಂತೀಯಲ್ಲವಾ," ಎಂದರು ಅವರು, ಇನ್ನೂ ಬೆರಗು ಇಳಿಯದ ದನಿಯಲ್ಲಿ. "ಮಾವ ಅನ್ನು. ಶಿವೂ, ಹೋಗಿ ಆಕಿ ಮನ್ಯಾಗ ಹೇಳಿ ಬರ್ರಿ. ಬ್ಯಾರೆಯವರ ಬಾಯಿಂದ ಅವರಿಗೆ ತಿಳೀಬಾರದು. ಹೆಂಗ ಹೇಳಬೇಕು ಅನ್ನೂದನ್ನ ದಾರ್‍ಯಾಗ ಮಾತಾಡಿಕೊಂಡು ಹೋಗ್ರಿ."

ಇಬ್ಬರೂ ಗಲ್ಲಿಯಿಂದ ದೊಡ್ಡ ರಸ್ತೆಗೆ ಬಂದರು. ಬಂದರಿನ ಕಡೆಯಿಂದ ಉಪ್ಪುಗಾಳಿ ಬೀಸುತ್ತಿತ್ತು. ಲಾರಿಗಳು, ಬಸ್ಸುಗಳು ಒಂದಕ್ಕೊಂದು ಅಂಟಿಕೊಂಡು ಹೋಗುತ್ತಿದ್ದವು. ಫುಟ್‌ಪಾತಿನ ಅಂಚಿನಲ್ಲಿ ಶಿವರಂಜನ್ ಅವಳತ್ತ ಕೈ ಚಾಚಿ, ಮುಟ್ಟದೆ ನಿಲ್ಲಿಸಿದ.

"ಹಿಡ್ಕೊಳ್ಳಲ್ಯಾ?"

"ಆಮಾಂ," ಎಂದು ಅವಳು ಕೈ ಕೊಟ್ಟಳು.

ಅವನ ಅಂಗೈ ಬೆವರಿತ್ತು. ಅವಳದು ತಣ್ಣಗಿತ್ತು.

"ಅಂಜಿಕಿ ಬರಾಕತ್ತೈತೇನ್ರಿ?"

"ತುಂಬಾ. ನಿಮಗೆ?"

"ನನಗೂ."

ಸಿಗ್ನಲ್ ಬಿತ್ತು. ಇಬ್ಬರೂ ರಸ್ತೆ ದಾಟಿದರು.